ಎರಡು ಅಡುಗೆಮನೆಗೆ ಒಂದು ಕಪಾಟು

ಬೆಳಿಗ್ಗೆ ಇಟ್ಟ ಉಪ್ಪಿನ ಗಡಿಗೆ ಸಂಜೆಗೆ ಇಟ್ಟಲ್ಲೇ ಸಿಗಬೇಕು. ಬೈಲಹೊಂಗಲದ ಆ ಮನೆಗೆ ಕಿರಿಯ ಸೊಸೆಯಾಗಿ ಬಂದ ಮೀನಾ ದೇವರಲ್ಲಿ ಬೇಡಿಕೊಂಡದ್ದು ಬಂಗಾರವಲ್ಲ, ಬೆಳ್ಳಿಯಲ್ಲ, ಇಷ್ಟೇ. ಇಷ್ಟನ್ನು ಕೊಡಲಿಕ್ಕೂ ದೇವರಿಗೆ ಪುರುಸೊತ್ತಾಗಿರಲಿಲ್ಲ. ಗಡಿಗೆಯನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅದು ನೆಲಕ್ಕಿಳಿದು ನೀರಿನ ಕೊಡದ ಮಗ್ಗುಲಲ್ಲಿ ಕೂತಿರುತ್ತಿತ್ತು. ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದರೆ ಸಂಜೆ ಅದು ಜೋಳದ ಚೀಲದ ಹಿಂದೆ ಇರುವೆ ಮುತ್ತಿಸಿಕೊಂಡು ಸಿಗುತ್ತಿತ್ತು. ಯರಗಟ್ಟಿಯ ತವರಿನವರು ಕೊಟ್ಟ ಸ್ಟೀಲ್ ಡಬ್ಬಿಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಡುವುದು ಅವಳ ಚಟ. ಆ ಖುಷಿ ಒಂದು ದಿನ ಬಾಳಿದರೆ ಹೆಚ್ಚು.

ಇದೆಲ್ಲ ನೆಗೆಣ್ಣಿ ನಾಗರತ್ನಾಳ ಕೆಲಸ. ಭಾವ ಬಸವಣ್ಣೆಪ್ಪನ ಹೆಂಡತಿ, ಮನೆಯ ಹಿರಿಯ ಸೊಸೆ. ಕೇಳಿದರೆ ಸಿಟ್ಟೂ ಇಲ್ಲ, ಸಮಜಾಯಿಷಿಯೂ ಇಲ್ಲ. "ಕೆಳಗ ಇದ್ರ ಛಲೋ" ಎಂದು ಒಂದೇ ಮಾತು ಹೇಳಿ ಬೆನ್ನು ತಿರುಗಿಸಿ ರೊಟ್ಟಿ ಬಡಿಯಲು ಕೂತುಬಿಡುತ್ತಿದ್ದಳು. ಜಗಳಕ್ಕೆ ಬರುವವರ ಜೊತೆ ಜಗಳ ಮಾಡಬಹುದು. ಬೆನ್ನಿನ ಜೊತೆ ಹೇಗೆ ಮಾಡುವುದು?

"ಈ ಮನ್ಯಾಗ ಇಟ್ಟದ್ದು ಇಟ್ಟಲ್ಲಿ ಇರಾಕ ಬಿಡೂದಿಲ್ಲ!" ಎಂದು ಮೀನಾ ದಿನಕ್ಕೊಮ್ಮೆಯಾದರೂ ಗೋಡೆಗೆ ಕೇಳುವಂತೆ ಕೂಗುತ್ತಿದ್ದಳು. ಗೋಡೆಗೆ ಕೇಳುತ್ತಿತ್ತು.

ಇನ್ನೊಂದು ಸಂಗತಿ ಅವಳನ್ನು ಕುದಿಸುತ್ತಿತ್ತು. ದಿನಾ ಬೆಳಿಗ್ಗೆ ಅತ್ತೆ ಶೆಟ್ಟೆವ್ವ ಹಿತ್ತಲ ಕಟ್ಟೆಯ ಮೇಲೆ ನಾಗರತ್ನಾಳನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಹೆರಳು ಹಾಕುತ್ತಿದ್ದಳು. ಮದುವೆ ವಯಸ್ಸಿನ ಮಗಳಿರುವ ಹೆಂಗಸು ಸಣ್ಣ ಹುಡುಗಿಯ ಹಾಗೆ ತಲೆ ಕೊಟ್ಟು ಕೂತಿರುತ್ತಿದ್ದಳು. ಮೀನಾ ಒಮ್ಮೆ ತಡೆಯಲಾರದೆ, "ನಮಗೂ ಒಂದು ತಲಿ ಐತ್ರಿ ಅತ್ತೀ" ಎಂದಿದ್ದಳು. ಶೆಟ್ಟೆವ್ವ ಹಣಿಗೆಯಿಂದ ಕಣ್ಣೆತ್ತದೆ, "ನಿನ್ನ ಕೈ ಇನ್ನೂ ಗಟ್ಟಿ ಅದಾವಲ್ಲ ಯವ್ವಾ" ಎಂದಿದ್ದಳು. ಹಿರಿಯ ಸೊಸೆಗೆ ಹೆರಳು, ಕಿರಿಯ ಸೊಸೆಗೆ ಕಸಬರಿಗೆ. ಮೀನಾ ಅದನ್ನು ಹಾಗೆಯೇ ತಿಳಿದುಕೊಂಡಳು, ಮರೆಯಲಿಲ್ಲ.

ಹೀಗೆ ಕುದಿದು ಕುದಿದು ಒಂದು ದಿನ ಅವಳು ಗಂಡ ನಿಂಗರಾಜನಿಗೆ ಹೇಳಿಯೇಬಿಟ್ಟಳು: ಒಲೆ ಬೇರೆ ಆಗಬೇಕು. ಹೊಲ ಬೇಡ, ಅಂಗಡಿಯ ಲೆಕ್ಕ ಬೇಡ, ಅಣ್ಣತಮ್ಮಂದಿರು ಒಟ್ಟಿಗೇ ಇರಲಿ. ಅಡುಗೆಮನೆ ಮಾತ್ರ ಎರಡಾಗಬೇಕು.

ಅಣ್ಣತಮ್ಮಂದಿರಿಗೆ ಇದರಲ್ಲಿ ತಕರಾರಿರಲಿಲ್ಲ. ಎರಡು ಅಡುಗೆಮನೆಯಾದರೆ ಎರಡೂ ಕಡೆ ಚಹಾ ಸಿಗುತ್ತದೆ ಎಂದು ಒಳಗೊಳಗೇ ಸಂತೋಷಪಟ್ಟರೋ ಏನೋ. ತಕರಾರು ತೆಗೆದವಳು ಶೆಟ್ಟೆವ್ವ.

"ನನ್ನ ಉಸಿರ ಇರೂತನಕ ಈ ಮನ್ಯಾಗ ನಡು ಗೋಡಿ ಏಳಬಾರದು. ನಾ ಹ್ವಾದ ಮ್ಯಾಲ ಬೇಕಾದ್ರ ಕಿಲ್ಲೆ ಕಟ್ಟಕೋರಿ."

ಅಡುಗೆಮನೆ ಎಂದರೆ ಹಳೆಯ ಕಾಲದ ಉದ್ದನೆಯ ಒಂದೇ ಕೋಣೆ. ನಡುವೆ ಗೋಡೆ ಇಲ್ಲದೆ ಅದು ಎರಡಾಗುವುದು ಹೇಗೆ? ಹಿರಿಯರೆಂದು ಕರೆಸಿದ್ದ ನಿಜಗುಣಪ್ಪ ಕಾಕಾ ಅರ್ಧ ಗಂಟೆ ಎಲೆ ಅಡಿಕೆ ಮೆದ್ದು, ಕೊನೆಗೆ ತೀರ್ಪು ಹೇಳಿದರು.

"ಗೋಡಿ ಬ್ಯಾಡ ಅಂದಾಳ. ಕಪಾಟ ಬ್ಯಾಡ ಅಂದಿಲ್ಲಲ್ಲ? ನೆಲದಿಂದ ತೊಲಿತನಕ ನಡಕ ಒಂದು ಕಪಾಟ ನಿಂದರಸ್ರಿ. ಅರ್ಧ ಈ ಕಡೆ ಬಾಗಲಾ ತಗೀಲಿ, ಅರ್ಧ ಆ ಕಡೆ ತಗೀಲಿ. ಏನವಾ ಶೆಟ್ಟೆವ್ವಾ?"

"ಕಪಾಟ ಆದ್ರ ನಂದೇನ ಇಲ್ಲ" ಎಂದಳು ಶೆಟ್ಟೆವ್ವ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರೂ ಕಾಕಾನ ಬುದ್ಧಿಗೆ ತಲೆದೂಗಿದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಮೀನಾ. ಯಾಕೆಂದರೆ ಕಪಾಟು ಬರೆಯುವವಳು ಅವಳೇ.

ನಿಂಗರಾಜನದು ಬಜಾರದಲ್ಲಿ ಪ್ಲೈವುಡ್ ಅಂಗಡಿ. ಎರಡು ಸಾವಿರದ ಐದನೆಯ ಇಸವಿ ಅದು. ಊರಿನಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಹೊಸ ಮನೆಯವರಿಗೆಲ್ಲ ಗೋಡೆಗೆ ಕೂಡಿಸಿದ ಕಪಾಟಿನ ಹುಚ್ಚು ಹತ್ತಿತ್ತು. ನಿಂಗರಾಜ ಹುಬ್ಬಳ್ಳಿಯಿಂದ ಒಂದು ಹಳೆಯ ಕಂಪ್ಯೂಟರನ್ನೂ, ಮನೆ ಬರೆಯುವ ಪ್ರೋಗ್ರಾಮಿನ ಒಂದು ಸೀಡಿಯನ್ನೂ ತಂದು ಅಂಗಡಿಯಲ್ಲಿಟ್ಟಿದ್ದ. ತವರಿನಲ್ಲಿದ್ದಾಗ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದ ಮೀನಾ ಮಧ್ಯಾಹ್ನ ಬಂದು ಗಿರಾಕಿಗಳ ಅಡುಗೆಮನೆ ಬರೆದು ತೋರಿಸುವಳು. ಪರದೆಯ ಮೇಲೆ ತಮ್ಮ ಕಪಾಟನ್ನು ಕಂಡ ಗಿರಾಕಿ ಮರುಮಾತಾಡದೆ ಪ್ಲೈವುಡ್ ಖರೀದಿಸುವನು. ಊರವರಿಗೆಲ್ಲ ಬರೆದುಕೊಟ್ಟವಳಿಗೆ ತನ್ನ ಮನೆಯ ಕಪಾಟು ಎಷ್ಟರ ಮಾತು?

ಎಷ್ಟರ ಮಾತೆಂದು ಅಳತೆಯ ದಿನವೇ ಗೊತ್ತಾಯಿತು. ಹಳೆಯ ಮನೆಯ ಗೋಡೆ ಕೆಳಗೆ ದಪ್ಪ, ಮೇಲೆ ಹೋದಂತೆ ತೆಳು. ನೆಲದ ಮೇಲೆ ಟೇಪು ಹಿಡಿದರೆ ಒಂದು ಅಳತೆ, ಎದೆಯ ಎತ್ತರದಲ್ಲಿ ಇನ್ನೊಂದು, ತೊಲೆಯ ಕೆಳಗೆ ಮತ್ತೊಂದು. ಪ್ರೋಗ್ರಾಮು ಕೇಳುವುದು ಮಾತ್ರ ಒಂದೇ ಅಂಕಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮನೆಯಲ್ಲಿ ನೆಲ ನಿಜಕ್ಕೂ ಡೊಂಕಿತ್ತು, ಹೇಳಿದರೆ ಕಂಪ್ಯೂಟರ್ ನಂಬಬೇಕಲ್ಲ! ಮೂಲೆಗಳೆಲ್ಲ ಕಾಟಕೋನವೇ, ತೊಂಬತ್ತು ಡಿಗ್ರಿಯೇ ಎಂದು ಅದು ಹಟ ಹಿಡಿಯಿತು. ಮೀನಾ ಒಂದು ಗೋಡೆಯನ್ನು ಒಂದಿಷ್ಟು ಓರೆ ಮಾಡಿದರೆ ಉಳಿದ ಮೂರೂ ಗೋಡೆಗಳು ಪರದೆಯಿಂದಾಚೆ ಓಡಿಹೋಗುತ್ತಿದ್ದವು.

ಸಾಮಾನಿನದು ಇನ್ನೊಂದು ಗೋಳು. ಆ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಪಾತ್ರೆ ತೊಳೆಯುವ ಯಂತ್ರವಿತ್ತು, ಬಾಟಲಿ ಮಲಗಿಸುವ ಗೂಡಿತ್ತು, ಎತ್ತರದ ಕುರ್ಚಿಗಳಿದ್ದವು. ಜೋಳದ ಚೀಲ ಇರಲಿಲ್ಲ. ರೊಟ್ಟಿ ಬುಟ್ಟಿ ಇರಲಿಲ್ಲ. ಮೀನಾ ಕಸದ ಡಬ್ಬಿಯ ಚಿತ್ರವನ್ನು ಹಿಗ್ಗಿಸಿ ಅದನ್ನೇ ಜೋಳದ ಚೀಲ ಎಂದು ಇಟ್ಟಳು. ಸುಮ್ಮನೆ ನೋಡುತ್ತ ಕೂತಿದ್ದ ನಿಂಗರಾಜ, "ಜ್ವಾಳಾ ಕಸದಾಗ ಹಾಕೀದಿ?" ಎಂದ. ಅವನಿಗೆ ಆ ದಿನ ಚಹಾ ಸಿಗಲಿಲ್ಲ.

ಕರೆಂಟಿನ ಕತೆ ಹೇಳುವುದೇ ಬೇಡ. ಕಪಾಟಿಗೆ ಬಾಗಿಲು ಕೂಡಿಸಿ, ಬಾಗಿಲಿಗೆ ಹಿಡಿಕೆ ಕೂಡಿಸಿ, ಇನ್ನೇನು ಸೇವ್ ಮಾಡಬೇಕು ಎನ್ನುವಾಗ ಅದು ಹೋಗುತ್ತಿತ್ತು. ಬಂದ ಮೇಲೆ ನೋಡಿದರೆ ಬರಿಯ ನಾಲ್ಕು ಗೋಡೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು ಎಂದು ಮೀನಾ ಇಲಿಯಾಕಾರದ ಆ ಮೌಸನ್ನು ಮೇಜಿಗೆ ಕುಕ್ಕುತ್ತಿದ್ದಳು.

ಅದಕ್ಕೆ ಸರಿಯಾಗಿ ನಾಗರತ್ನಾ ಒಂದು ದಿನ ಅಂಗಡಿಗೆ ಬಂದಳು. ತನ್ನ ಕಡೆಯ ಕಪಾಟು ಹೇಗಿದೆ ನೋಡಬೇಕೆಂದಳು. ಮೀನಾ ತೋರಿಸಿದಳು. ಕೆಳಗೆ ಜೋಳ, ಗೋಧಿ ಚೀಲಗಳಿಗೆ ಎರಡು ದೊಡ್ಡ ಗೂಡು. ಅದರ ಮೇಲೆ ಸೊಂಟದ ಮಟ್ಟಕ್ಕೆ ಅಗಲವಾದ ಒಂದು ಹಲಗೆ. ಅದಕ್ಕೂ ಎತ್ತರದಲ್ಲಿ ಡಬ್ಬಿಗಳಿಗೆಂದು ಎರಡು ಹಲಗೆ. ನಾಗರತ್ನಾ ಬಹಳ ಹೊತ್ತು ನೋಡಿದಳು.

"ಡಬ್ಬಿ ಇಡೂ ಹಲಗಿ ಇಷ್ಟು ಎತ್ತರ ಯಾಕ? ಒಂದೀಟ ಕೆಳಗ ಇದ್ರ ಛಲೋ ಆಗತಿತ್ತು."

ಮತ್ತೆ ಅದೇ ರಾಗ! ಮೀನಾಳಿಗೆ ಮೈ ಉರಿಯಿತು. "ಕಂಪ್ಯೂಟರ್ ಹಂಗ ತಗೋತೈತ್ರಿ ಅಕ್ಕಾ. ಕೆಳಗ ಬರೂದಿಲ್ಲದು" ಎಂದಳು.

ಅದು ಸುಳ್ಳು. ಗೋಡೆ ಓರೆ ಮಾಡಲು ಒಪ್ಪದ ಆ ಕಂಪ್ಯೂಟರ್ ಹಲಗೆಯ ಎತ್ತರವನ್ನು ಮಾತ್ರ ಕೇಳಿದ ಕೂಡಲೇ ಬದಲಿಸುತ್ತಿತ್ತು. ಒಂದು ಅಂಕಿ ಅಳಿಸಿ ಇನ್ನೊಂದು ಒತ್ತಿದರೆ ಮುಗಿಯಿತು. ಮೀನಾ ಒತ್ತಲಿಲ್ಲ. ನಾಗರತ್ನಾ ಮತ್ತೇನೂ ಕೇಳದೆ ಸೆರಗು ಸರಿಪಡಿಸಿಕೊಂಡು ಹೊರಟುಹೋದಳು.

ಕೊನೆಗೂ ಎರಡು ಸಾಲು ಕಪಾಟು ಬೆನ್ನಿಗೆ ಬೆನ್ನು ಹಚ್ಚಿ ನಿಂತವು. ಚಂದ ಕಂಡಿತು. ಮೀನಾ ಅತ್ತೆಯನ್ನು ಅಂಗಡಿಗೆ ಕರೆಸಿ, ಕುರ್ಚಿಯ ಮೇಲೆ ಕೂರಿಸಿ ತೋರಿಸಿದಳು. ಶೆಟ್ಟೆವ್ವ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದಳು.

"ಈ ಕಡೆ ನಿಂದು, ಆ ಕಡೆ ಆಕಿದು. ಹೌದಿಲ್ಲೋ? ನಡಕ ಕರೇ ಗೆರಿ ಇದೇನಿದು?"

ಆ ಪ್ರೋಗ್ರಾಮಿನಲ್ಲಿ ಕಪಾಟು ತಾನಾಗಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಒರಗಲು ಗೋಡೆಯೊಂದು ಬೇಕೇ ಬೇಕು. ಹಾಗಾಗಿ ಅವಳು ಅಡುಗೆಮನೆಯ ನಡುವೆ ಮೊದಲು ಒಂದು ಗೋಡೆ ಎಳೆದು, ಆಮೇಲೆ ಎರಡೂ ಕಡೆಯಿಂದ ಕಪಾಟು ಹಚ್ಚಿದ್ದಳು.

"ಅದು ಖರೇ ಗೋಡಿ ಅಲ್ರಿ ಅತ್ತೀ. ಕಂಪ್ಯೂಟರಿಗೆ ಬೇಕಂತ..."

"ಖರೇನೋ ಸುಳ್ಳೋ, ನೀ ಮೊದಲ ಗೋಡಿ ಬರದಿ. ಆಮ್ಯಾಲ ಕಪಾಟ ತಂದಿ" ಎಂದಳು ಶೆಟ್ಟೆವ್ವ. ದನಿ ಏರಿಸಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಗೋಡಿ ಅಳಸು. ಅಳಸಿದ ಮ್ಯಾಲ ಬಡಿಗ್ಯಾನ್ನ ಕರಸ್ರಿ."

ಮುದುಕಿಯ ಆ ಮಾತು ಮೀನಾಳಿಗೆ ಸರಿಯಾದ ಜಾಗಕ್ಕೇ ತಾಗಿತು. ತಾಗಿದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. ಗೋಡೆ ಅಳಿಸಿದಳು. ಕೂಡಲೇ ಎರಡೂ ಸಾಲು ಕಪಾಟುಗಳು ಎದ್ದುಹೋಗಿ ದೂರದ ಹಿತ್ತಲ ಗೋಡೆಗೆ ಅಂಟಿಕೊಂಡವು. ಎಳೆದು ತಂದಳು, ಮತ್ತೆ ಹೋದವು. ಮತ್ತೆ ತಂದಳು, ಈ ಸಲ ತಲೆಕೆಳಗಾಗಿ ನಿಂತವು. ವಾರವಿಡೀ ಇದೇ ಆಯಿತು. ಅಂಗಡಿಗೆ ಬಂದ ಗಿರಾಕಿಗಳ ಮೇಲೆ ಸಿಡುಕಿದಳು. ಗಂಡನೊಂದಿಗೆ ಮಾತು ಬಿಟ್ಟಳು. ಕಸದಂಥ ಸೀಡಿ ತಂದದ್ದು ಅವನೇ ತಾನೆ?

ಕಡೆಗೆ ಒಂದು ಉಪಾಯ ಹೊಳೆಯಿತು. ಪುಸ್ತಕ ಇಡುವ ತೆರೆದ ಅಲಮಾರಿಯೊಂದು ಆ ಪ್ರೋಗ್ರಾಮಿನಲ್ಲಿತ್ತು. ಅದು ಮಾತ್ರ ಗೋಡೆಯ ಹಂಗಿಲ್ಲದೆ ಕೋಣೆಯ ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಮೀನಾ ಅದನ್ನು ತಂದು ನಿಲ್ಲಿಸಿದಳು. ಅಗಲ ಎಳೆದಳು, ತೊಲೆಯವರೆಗೆ ಏರಿಸಿದಳು, ಎರಡು ಕಪಾಟಿನಷ್ಟು ದಪ್ಪ ಮಾಡಿದಳು. ಹಲಗೆಗಳನ್ನು ಮೊದಲಿನ ಎತ್ತರಕ್ಕೇ ಕೂಡಿಸಿದಳು. ಆಮೇಲೆ ಈ ಕಡೆ ಬಾಗಿಲು, ಆ ಕಡೆ ಬಾಗಿಲು ಹಚ್ಚಿದಳು. ಎಲ್ಲಿಂದ ತಿರುಗಿಸಿ ನೋಡಿದರೂ ಲಕ್ಷಣವಾದ ಕಪಾಟು. ಗೋಡೆ ಇಲ್ಲ! ಶೆಟ್ಟೆವ್ವ ನೋಡಿ, "ಈಗ ಸರಿ ಆತು" ಎಂದಳು. ಹಾಳೆ ಅಚ್ಚಾಗಿ ಬಂತು. ಬಡಿಗ ಮೌನೇಶನ ಕೈಗೆ ಹೋಯಿತು.

ಪರದೆಯ ಮೇಲಿನ ಬಾಗಿಲು ತೆರೆಯುವ ಬಾಗಿಲಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಏನಿದೆ, ಏನಿಲ್ಲ ಎಂದು ಮೀನಾ ನೋಡಲಿಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸವನ್ನು ಎರಡನೇ ಸಲ ಯಾರು ನೋಡುತ್ತಾರೆ?

ಮುರಗೋಡದಲ್ಲಿ ಬೀಗರ ಮನೆಯ ಮದುವೆಯಿತ್ತು. ಮನೆಮಂದಿಯೆಲ್ಲ ಬೀಗದ ಕೈಯನ್ನು ಮೌನೇಶನಿಗೆ ಕೊಟ್ಟು ಹೋದರು. ತಿರುಗಿ ಬರುವಷ್ಟರಲ್ಲಿ ಅವನು ಕಪಾಟು ನಿಲ್ಲಿಸಿ, ಪಾಲಿಶ್ ಹೊಡೆದು, ಬಾಗಿಲುಗಳನ್ನೆಲ್ಲ ಮುಚ್ಚಿ, ಬೇರೆ ಕೆಲಸ ಹಿಡಿದು ರಾಮದುರ್ಗಕ್ಕೆ ಹೋಗಿಬಿಟ್ಟಿದ್ದ. ಹೋಗುವಾಗ ಹೇಳಿಕಳಿಸಿದ್ದ: ಪಾಲಿಶ್ ಹಸಿ ಐತಿ, ಮುಹೂರ್ತದತನಕ ಬಾಗಲಾ ತಗೀಬ್ಯಾಡ್ರಿ.

ಮೀನಾ ಹೊಸ ಅಡುಗೆಮನೆಯಲ್ಲಿ ನಿಂತು ಆ ಮುಚ್ಚಿದ ಬಾಗಿಲುಗಳನ್ನು ಸವರಿದಳು. ತೇಗದ ಬಣ್ಣ, ಹಿತ್ತಾಳೆ ಹಿಡಿಕೆ. ಆಚೆಯದು ಕಾಣುವುದಿಲ್ಲ, ಆ ಬೆನ್ನು ಕಾಣುವುದಿಲ್ಲ. ಇನ್ನು ಮೇಲೆ ಇಟ್ಟದ್ದು ಇಟ್ಟಲ್ಲೇ. ಅವಳ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಹೊಸ ಅಡುಗೆಮನೆಗೆ ಮೊದಲು ಹೋಗಬೇಕಾದದ್ದು ಉಪ್ಪು. ಮಠದ ಅಯ್ಯನವರು ಪಂಚಾಂಗ ನೋಡಿ ಒಂದು ಗಳಿಗೆ ಕೊಟ್ಟರು. ಮನೆ ಒಂದೇ ಆದ್ದರಿಂದ ಗಳಿಗೆಯೂ ಇಬ್ಬರಿಗೂ ಒಂದೇ. ಆ ಹೊತ್ತಿಗೆ ಮೀನಾ ರೇಷ್ಮೆ ಸೀರೆ ಉಟ್ಟು, ಹೊಸ ಗಡಿಗೆಯಲ್ಲಿ ಉಪ್ಪು ತುಂಬಿಕೊಂಡು ತನ್ನ ಬಾಗಿಲಿನ ಮುಂದೆ ನಿಂತಳು. ನಾಗರತ್ನಾ ತನ್ನ ಗಡಿಗೆ ಹಿಡಿದು ಆಚೆ ನಿಂತಿದ್ದಳು. ಅಯ್ಯನವರು ಪಡಸಾಲೆಯಿಂದ "ಹೂಂ, ತಗೀರಿ" ಎಂದರು. ಇಬ್ಬರೂ ತೆಗೆದರು.

ಮೀನಾ ಎದುರಿಗೆ ಕಂಡದ್ದು ನಾಗರತ್ನಾಳ ಮುಖ.

ನಡುವೆ ಖಾಲಿ ಹಲಗೆಗಳು, ಆಚೆ ಅಕ್ಕನ ಅಡುಗೆಮನೆ, ಅಕ್ಕನ ಒಲೆ, ಒಲೆಯ ಮುಂದೆ ಬಾಯಿ ತೆರೆದು ನಿಂತ ಭಾವ ಬಸವಣ್ಣೆಪ್ಪ. ಕಪಾಟಿಗೆ ಹಿಂದಿನ ಹಲಗೆಯೇ ಇರಲಿಲ್ಲ! ಅಯ್ಯನವರು ಗಳಿಗೆ ಮೀರುತ್ತದೆ ಎಂದು ಕೂಗಿದರು. ಇಬ್ಬರೂ ಗಡಬಡಿಸಿ ಗಡಿಗೆಗಳನ್ನು ಒಂದೇ ಹಲಗೆಯ ಮೇಲೆ ಇಟ್ಟರು. ಎರಡೂ ಟಣ್ ಎಂದು ಒಂದಕ್ಕೊಂದು ತಾಗಿದವು.

ಶೆಟ್ಟೆವ್ವ ನಕ್ಕಳು. ನಗುತ್ತ ನಗುತ್ತ ಅಲ್ಲೇ ಗೋಡೆ ಹಿಡಿದು ಕೂತಳು.

ಮೀನಾ ನಗಲಿಲ್ಲ. ಮೌನೇಶನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದಳು. "ಹಾಳ್ಯಾಗ ಹೆಂಗಿತ್ತೋ ಹಂಗ ಮಾಡೇನ್ರೀ ವೈನಿ" ಎಂದ ಅವನು. ಅಂಗಡಿಗೆ ಓಡಿ ಹಾಳೆ ತೆಗೆದು ನೋಡಿದಳು. ಅವನು ಹೇಳಿದ್ದು ನಿಜ. ಪುಸ್ತಕದ ಅಲಮಾರಿಗೆ ಬೆನ್ನ ಹಲಗೆ ಎಲ್ಲಿಂದ ಬರಬೇಕು? ಊರವರ ಕಪಾಟುಗಳನ್ನೆಲ್ಲ ತಪ್ಪಿಲ್ಲದೆ ಬರೆದವಳು ತನ್ನದನ್ನು ಹೀಗೆ ಬರೆದುಕೊಂಡಳಲ್ಲ! ಮಾಡಿದ್ದುಣ್ಣೋ ಮಹರಾಯ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

"ಒಂದು ಪ್ಲೈ ಶೀಟ್ ಕೊಯ್ದು ಹಲಗಿ ನಡಕ ಬಡದರ ಮುಗೀತು. ಮೌನೇಶ ರಾಮದುರ್ಗದಿಂದ ಬರಲಿ" ಎಂದ ನಿಂಗರಾಜ. ಮರುದಿನವೇ ಅಂಗಡಿಯಿಂದ ಶೀಟೊಂದನ್ನು ತಂದು ಪಡಸಾಲೆಯ ಗೋಡೆಗೆ ಒರಗಿಸಿದ. ಹೋಗುತ್ತ ಬರುತ್ತ ಮೀನಾ ಅದನ್ನು ಕೈಯಿಂದ ಮುಟ್ಟಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಶೆಟ್ಟೆವ್ವ ಅದನ್ನು ನೋಡಿಯೂ ನೋಡದವಳ ಹಾಗೆ ದಾಟಿಹೋಗುತ್ತಿದ್ದಳು.

ಆಚೆ ಬಸವಣ್ಣೆಪ್ಪನಿಗೆ ಹೊಸ ಅಡುಗೆಮನೆಯ ಸಂಭ್ರಮ. ನೋಡಲು ಮಂದಿ ಬರುತ್ತಾರೆ ಎಂದು ತಾನೇ ನಿಂತು ಎಲ್ಲ ಜೋಡಿಸಿದ. ಸೊಂಟದ ಮಟ್ಟದ ಹಲಗೆಯ ಮೇಲೆ ತಿಕ್ಕಿ ಬೆಳಗಿದ ಹಿತ್ತಾಳೆ ಕೊಡಗಳು, ತಂಬಿಗೆಗಳು. ಡಬ್ಬಿ, ಗಡಿಗೆ ಎಲ್ಲ ಮೇಲಿನ ಹಲಗೆಗೆ. "ಇಷ್ಟು ಖರ್ಚ ಮಾಡಿ ಕಪಾಟ ಮಾಡಿಸೇವಿ. ಇನ್ನ ಒಂದು ಸಾಮಾನಾ ನೆಲದ ಮ್ಯಾಲ ಕಾಣಬಾರದು ನೋಡು" ಎಂದು ಅವನು ಹೆಂಡತಿಗೆ ಹೇಳಿದ್ದು ಈಚೆ ಮೀನಾಳಿಗೆ ಸ್ಪಷ್ಟವಾಗಿ ಕೇಳಿಸಿತು. ನಾಗರತ್ನಾ ಹೂಂ ಎಂದಳು.

ಮೌನೇಶ ನಾಳೆ ಬರುತ್ತೇನೆಂದು ಹೇಳಿಕಳಿಸಿದ ದಿನ ಬೆಳಿಗ್ಗೆ ಮೀನಾ ಸಾಸಿವೆ ಡಬ್ಬಿಗೆಂದು ತನ್ನ ಬಾಗಿಲು ತೆರೆದಳು. ಆಚೆಯ ಬಾಗಿಲೂ ತೆರೆದಿತ್ತು. ಬೇಡದ ದರ್ಶನ ಎಂದು ಮುಚ್ಚಲು ಹೋದವಳು ಹಾಗೇ ನಿಂತಳು.

ನಾಗರತ್ನಾ ಮೇಲಿನ ಹಲಗೆಯ ಉಪ್ಪಿನ ಗಡಿಗೆಗೆ ಕೈ ಚಾಚುತ್ತಿದ್ದಳು. ಬಲಗೈ ಭುಜದವರೆಗೆ ಬಂತು, ಅಲ್ಲಿಗೆ ನಿಂತಿತು. ಎಡಗೈಯಿಂದ ಬಲಗೈಯ ಮೊಣಕೈಯನ್ನು ಹಿಡಿದು ಮೇಲಕ್ಕೆ ನೂಕಿದಳು. ಕೆಳತುಟಿ ಹಲ್ಲಿನಲ್ಲಿ ಸಿಕ್ಕಿ ಬೆಳ್ಳಗಾಗಿತ್ತು. ಕಣ್ಣು ಮುಚ್ಚಿದ್ದಳು. ಬೆರಳು ಗಡಿಗೆಯ ಕಂಠಕ್ಕೆ ತಾಗಿ ಜಾರಿತು. ಇನ್ನೊಮ್ಮೆ ನೂಕಿದಳು. ಕಣ್ಣಿನ ಮೂಲೆಯಿಂದ ನೀರಿಳಿದು ಮೂಗಿನ ಮಗ್ಗುಲಿಗೆ ಬಂತು. ಹಿತ್ತಲಿನಿಂದ ಬಸವಣ್ಣೆಪ್ಪ ಏನೋ ಕೇಳಿದ. "ಬಂದೆ, ಬಂದೆ" ಎಂದಳು ನಾಗರತ್ನಾ. ಆ ದನಿಯಲ್ಲಿ ಮಾತ್ರ ನೋವಿನ ಸುಳಿವೇ ಇರಲಿಲ್ಲ. ಎಡಗೈಯೂ ಭುಜದಿಂದ ಮೇಲೆ ಏರಲಿಲ್ಲ; ಸ್ಟೂಲು ಎಳೆದು, ಅದರ ಮೇಲೆ ಹತ್ತಿ, ಎಡಗೈಯಲ್ಲಿ ಗಡಿಗೆ ಇಳಿಸಿಕೊಂಡಳು. ಮೀನಾಳನ್ನು ಅವಳು ನೋಡಲಿಲ್ಲ.

ಮೀನಾ ಸದ್ದಾಗದಂತೆ ಬಾಗಿಲು ಮುಚ್ಚಿದಳು.

ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರು. ಆದರೆ ಒಂದೇ ಅಡುಗೆಮನೆಯಲ್ಲಿ ಗೂಡಿಗೆ ಕೈ ಚಾಚುವವಳ ಬೆನ್ನಷ್ಟೇ ಕಾಣುತ್ತದೆ, ಮುಖ ಗೋಡೆಯ ಕಡೆಗಿರುತ್ತದೆ. ಮೀನಾಳಿಗೆ ಹೆರಳು ನೆನಪಾಯಿತು. ಕೈ ತಲೆಯವರೆಗೆ ಏರಲಾರದವಳಿಗೆ ಹೆರಳು ಇನ್ನಾರು ಹಾಕಬೇಕು? 'ನಿನ್ನ ಕೈ ಇನ್ನೂ ಗಟ್ಟಿ ಅದಾವಲ್ಲ.' ಅತ್ತೆಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಕಟ್ಟಿಕೊಂಡ ಗಂಡನಿಗೂ. ಗೊತ್ತಾದರೆ ಏನಾಗುತ್ತಿತ್ತು ಎಂಬುದನ್ನು ಮೀನಾ ಊಹಿಸಬಲ್ಲಳು. 'ಇನ್ನ ನೀ ಕೂಡ್ರು' ಎಂದು ಎಲ್ಲರೂ ಹೇಳುತ್ತಿದ್ದರು, ಮೊದಲು ಹೇಳುವವಳು ತಾನೇ. ಕೂತ ಹಿರಿಯ ಸೊಸೆಯ ಮಾತಿಗೆ ಅಡುಗೆಮನೆಯಲ್ಲಿ ಬೆಲೆ ಎಷ್ಟು? ಅದಕ್ಕೇ ಅವಳು ಸಾಮಾನುಗಳನ್ನು ಇಳಿಸುತ್ತಿದ್ದಳು. ಒಂದೊಂದಾಗಿ, ಯಾರೂ ಇಲ್ಲದಾಗ, ತನ್ನ ಕೈಗೆ ಎಟಕುವಲ್ಲಿಗೆ. ಬೈಸಿಕೊಂಡು ಸುಮ್ಮನಿರುತ್ತಿದ್ದಳು. ಅಂಗಡಿಯವರೆಗೆ ನಡೆದು ಬಂದು ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದಳು. ಒಂದು ಅಂಕಿಯಷ್ಟೇ ಬದಲಿಸಬೇಕಿತ್ತು.

ಮಧ್ಯಾಹ್ನ ಮೀನಾ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಳು. ಅಕ್ಕನ ಕಡೆಯ ಹಲಗೆಯನ್ನು ಇಳಿಸಿ ಹಾಳೆ ಮಾಡಿಕೊಟ್ಟರೆ ನಾಳೆ ಮೌನೇಶ ಹಾಗೇ ಬಡಿದುಕೊಡುತ್ತಾನೆ. ಹಲಗೆ ಹಿಡಿದು ಎಳೆದಳು. ಅದು ಈ ಕಡೆಯಿಂದ ಆ ಕಡೆಗೆ ಆರಪಾರ ಒಂದೇ ಹಲಗೆ, ಅವಳ ಕಡೆಯದೂ ಜೊತೆಗೇ ಇಳಿಯಿತು. ನಡುವೆ ಕತ್ತರಿಸಲು ನೋಡಿದರೆ ಇಡೀ ಅಲಮಾರಿಯೇ ಮಾಯವಾಯಿತು. ಹಿಂದಿನದನ್ನು ತಿರುಗಿ ತರಿಸಿ, ಒಂದು ತೆಳು ಗೋಡೆ ಹಾಕಿ ಪ್ರಯತ್ನಿಸಿದಳು. ಬಾಗಿಲುಗಳೆಲ್ಲ ಉದುರಿಹೋದವು. ಬೇಡವೆಂದಾಗ ತಾಸಿಗೊಮ್ಮೆ ಬದಲಾಗುತ್ತಿದ್ದದ್ದು ಬೇಕೆಂದಾಗ ಕಲ್ಲಿನಂತೆ ಕೂತಿತ್ತು. ಅವಳು ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹಲಗೆ ಇನ್ನೇನು ಕೂತಿತು ಎನ್ನುವಾಗ ಕರೆಂಟ್ ಹೋಯಿತು.

ಕಪ್ಪು ಪರದೆಯಲ್ಲಿ ತನ್ನದೇ ಮುಖ ಕಂಡಿತು. ಅದನ್ನು ನೋಡುತ್ತ ಕೂರಲು ಮನಸ್ಸಾಗಲಿಲ್ಲ.

"ಎಲ್ಲಿ ಹೊಂಟಿ?" ಎಂದ ನಿಂಗರಾಜ.

"ಮನಿಗೆ. ಕೈಲೆ ಆಗೂ ಕೆಲಸಕ್ಕ ಇದನ್ನ ಹಿಡಕೊಂಡು ಕುಂತೇನಿ ನೋಡ್ರಿ, ಬುದ್ಧಿಗೇಡಿ ನಾ!"

ಮನೆಯಲ್ಲಿ ನಾಗರತ್ನಾ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮೀನಾ ತನ್ನ ಕಡೆಯ ಬಾಗಿಲು ತೆರೆದು, ಹಲಗೆಗಳ ನಡುವೆ ಭುಜದವರೆಗೆ ಕೈ ತೂರಿಸಿದಳು. ಆಚೆಯ ಹಿತ್ತಾಳೆ ಕೊಡವೊಂದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿದಳು. ಅದರ ಹಿಂದೆ ಜಾಗ ಆಯಿತು. ಮೇಲಿನ ಹಲಗೆಯಿಂದ ಅಕ್ಕನ ಉಪ್ಪಿನ ಗಡಿಗೆ ಇಳಿಸಿ ಅಲ್ಲಿಟ್ಟಳು. ಸೊಂಟದ ಮಟ್ಟಕ್ಕೆ, ಕೈ ಮೇಲೆತ್ತದೆ ಎಟಕುವ ಹಾಗೆ. ಖಾರದ ಡಬ್ಬಿ ಇಳಿಸಿದಳು. ಎಣ್ಣೆಯದೂ ಇಳಿಸಿದಳು. ಎದುರಿನಿಂದ ನೋಡುವವರಿಗೆ ಬಸವಣ್ಣೆಪ್ಪನ ಹಿತ್ತಾಳೆಯೇ ಕಾಣುತ್ತಿತ್ತು. ಬಾಗಿಲು ಮುಚ್ಚಿ, ಏನೂ ಆಗದವಳಂತೆ ಕಾಯಿಪಲ್ಲೆ ಹೆಚ್ಚಲು ಕೂತಳು.

ಸಂಜೆ ಆಚೆ ಒಲೆ ಹೊತ್ತಿದ ಸದ್ದು. ಸ್ಟೂಲು ಎಳೆದ ಸದ್ದು. ಆಮೇಲೆ ಕಪಾಟಿನ ಬಾಗಿಲು ತೆರೆದದ್ದು ಕೇಳಿಸಿತು.

"ಯಾರದು ನನ್ನ ಗಡಿಗಿ ಸರಸಿದ್ದು?" ನಾಗರತ್ನಾಳ ದನಿ ಇಷ್ಟು ವರ್ಷಗಳಲ್ಲಿ ಮೊದಲ ಸಲ ತೊಲೆಗೆ ತಾಗಿತು. "ಬ್ಯಾರೆ ಆದ ಮ್ಯಾಲೂ ಈ ಮನ್ಯಾಗ ಇಟ್ಟದ್ದು ಇಟ್ಟಲ್ಲಿ ಇರಾಕ ಬಿಡೂದಿಲ್ಲೇನ!"

ಪಡಸಾಲೆಯಲ್ಲಿ ಹೆಸರುಕಾಳು ಆರಿಸುತ್ತಿದ್ದ ಶೆಟ್ಟೆವ್ವನ ಕೈ ನಿಂತಿತು. ಅವಳ ಪಕ್ಕದಲ್ಲೇ ಆ ಪ್ಲೈ ಶೀಟು ಗೋಡೆಗೆ ಒರಗಿತ್ತು.

ಮೀನಾ ಚಾಕು ಕೆಳಗಿಟ್ಟಳು. ಮುಚ್ಚಿದ ತನ್ನ ಬಾಗಿಲಿನ ಕಡೆ ಮುಖ ಮಾಡಿ ಹೇಳಿದಳು:

"ಕೆಳಗ ಇದ್ರ ಛಲೋ, ಅಕ್ಕಾ."

ಆ ಕಡೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಆಮೇಲೆ ಸ್ಟೂಲನ್ನು ಮೂಲೆಗೆ ಸರಿಸಿದ ಸದ್ದು ಬಂತು, ಬಾಗಿಲು ಮುಚ್ಚಿದ ಸದ್ದು ಬಂತು.

ಬೆಳಿಗ್ಗೆ ಮೀನಾ ತನ್ನ ಬಾಗಿಲು ತೆರೆದು ನೋಡಿದಳು. ಗಡಿಗೆ ಇಟ್ಟಲ್ಲೇ ಇತ್ತು.